ಗುಡ್ಡದ ಬಿರುಕು

ಭೂಮಿತಾಯಿಯ ಒಡಲಿನಿಂದ ಕುದಿಯುತ್ತ ಮೇಲೆದ್ದ ಕಲ್ಲಿನ ರಸವೊಂದು ನೆಲೆಯಿಲ್ಲದೆ ಮೆದುಗಲ್ಲಿನ ಗುಡ್ಡದ ಬುಡಕ್ಕೆ ಬಂದಿತು. ಗುಡ್ಡದ ಎದೆಯಲ್ಲಿ ಉದ್ದಕ್ಕೂ ಒಂದು ಬಿರುಕಿತ್ತು.

"ಒಳಗೆ ಬಾರಪ್ಪ ತಮ್ಮ, ಇಲ್ಲೇ ತಣ್ಣಗಾಗು" ಎಂದಿತು ಗುಡ್ಡ.

ರಸವು ಬಿರುಕನ್ನು ತುಂಬಿತು. ಎರಡೂ ಕಡೆ ಮೈ ಸುಟ್ಟು ಕಂದಿದರೂ ಗುಡ್ಡ ಸಹಿಸಿಕೊಂಡಿತು. ರಸವು ಆರಿ ಕರಿಗಲ್ಲಾಯಿತು.

ಗಟ್ಟಿಯಾದ ಮೇಲೆ ಕರಿಗಲ್ಲಿಗೆ ಬಿಸಿಲು ನೋಡುವ ಆಸೆ ಹುಟ್ಟಿತು. "ಮಳೆರಾಯ, ಈ ಗುಡ್ಡ ನನ್ನನ್ನು ಮುಚ್ಚಿಕೊಂಡು ಕೂತಿದೆ. ಸ್ವಲ್ಪ ಸರಿಸಬಾರದೆ?" ಎಂದು ಬೇಡಿಕೊಂಡಿತು.

"ಸರಿಸುವುದು ನನಗೆ ತಿಳಿಯದು, ಕರಗಿಸುವುದಷ್ಟೇ ಗೊತ್ತು. ಆಗಬಹುದೇ?"

"ಆಗಲಿ. ಅಕ್ಕ ಅಷ್ಟು ದಪ್ಪಗಿದ್ದಾಳೆ, ಸ್ವಲ್ಪ ಕರಗಿದರೆ ಅವಳಿಗೇನು?"

ಗುಡ್ಡಕ್ಕೆ ಇದು ಕೇಳಿಸಿತು. "ನನ್ನ ತಮ್ಮನಿಗೆ ಬಿಸಿಲು ಬೇಕಂತೆ, ಕೊಡಪ್ಪ" ಎಂದು ಮಳೆಗೆ ಮೈಯೊಡ್ಡಿತು.

ಯುಗಗಳು ಕಳೆದವು. ಮೊದಲು ಕರಿಗಲ್ಲಿನ ನೆತ್ತಿ ಹೊರಬಂತು, ಆಮೇಲೆ ಭುಜ.

"ಅಕ್ಕಾ, ಸೂರ್ಯನಾರಾಯಣ ಕಂಡ!"

"ಕಣ್ತುಂಬ ನೋಡಪ್ಪ" ಎಂಬ ಗುಡ್ಡದ ದನಿ ಕರಿಗಲ್ಲಿನ ಸೊಂಟದ ಹತ್ತಿರದಿಂದ ಬಂತು.

ಮಳೆ ನಿಲ್ಲಲಿಲ್ಲ. "ಅಕ್ಕಾ, ನನಗಿಷ್ಟು ಸಾಕು, ಮಳೆರಾಯನಿಗೆ ಸಾಕೆಂದು ಹೇಳು" ಎಂದು ಕರಿಗಲ್ಲು ಒಂದು ದಿನ ಕರೆದಾಗ ಉತ್ತರವೇ ಬರಲಿಲ್ಲ. ಕೆಳಗೆ ಬರೀ ಮರಳು ಹಾಸಿದ ಬಯಲಿತ್ತು.

ಆ ಬಯಲಿನ ಓತಿಕ್ಯಾತವೊಂದು ಬಂದು ತಲೆಯೆತ್ತಿ ನೋಡಿತು. "ಭಲೇ ಗೋಡೆ! ಆಚೆ ಮನೆಯಿಲ್ಲ, ಈಚೆ ಮನೆಯಿಲ್ಲ. ಯಾರಪ್ಪ ನಿನ್ನನ್ನು ಕಟ್ಟಿಸಿದವರು?"

ಕರಿಗಲ್ಲು ಕೆಳಗಿನ ಮರಳನ್ನು ನೋಡಿತು.

"ನಾನು ಗೋಡೆಯಲ್ಲಪ್ಪ, ನಮ್ಮಕ್ಕನ ಎದೆಯಲ್ಲಿದ್ದ ಬಿರುಕು. ಅವಳು ಹೋದಳು, ಬಿರುಕು ನಿಂತಿದೆ" ಎಂದಿತು.