ಬಣ್ಣ ತಿನ್ನುವ ಕಮಲ

“ಗುರುಗಳೇ, ನೀಲಾಂಬಿಕೆಗೆ ಏಳು ವರ್ಷ ಹಾಡು ಕಲಿಸಿದೆ. ಹೇಳಿಕೊಟ್ಟಂತೆ ಹಾಡುವುದಿಲ್ಲ, ಎಲ್ಲೆಲ್ಲೋ ಎಳೆದುಕೊಂಡು ಹೋಗುತ್ತಾಳೆ. ತಿದ್ದಿ ತಿದ್ದಿ ಸಾಕಾಯಿತು. ಈಗಂತೂ ಬಾಯೇ ಬಿಡುವುದಿಲ್ಲ. ಮಠದಿಂದ ಕಳಿಸಿಬಿಡಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ಕೂತ್ಕೋ ಮಾರಾಯ. ಕಳಿಸುವುದಕ್ಕೇನು, ನಾಳೆಯೂ ಕಳಿಸಬಹುದು. ಮೊದಲು ಕತೆ ಕೇಳು” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಬಟ್ಟೆಗೆ ಬಣ್ಣ ಹಾಕುವವರು ಚೆಲ್ಲಿದ ನೀರು ಇಳಿದಿಳಿದು ಆ ಊರಿನ ಬಾವಿ ಕೆಂಪಾಗಿತ್ತು. ಬೇರೆ ನೀರಿಲ್ಲ. ಅದನ್ನೇ ಕುಡಿದು ಅವಳ ಮಗಳು ಹಾಸಿಗೆ ಹಿಡಿದಳು. ಕಣ್ಣು ಮುಚ್ಚಿಕೊಂಡೇ, “ಅಮ್ಮಾ, ಬಾವಿಯಲ್ಲಿ ಆಕಾಶ ಯಾವಾಗ ಕಾಣುತ್ತೆ?” ಎನ್ನುತ್ತಿದ್ದಳು.

ಬ್ಯಾಕ್ಟೀರಿಯಾ ಅನ್ನುತ್ತಾರಲ್ಲ, ಕಣ್ಣಿಗೆ ಕಾಣದ ಜೀವಿಗಳು, ಅವುಗಳ ಹುಟ್ಟುಗುಣವನ್ನೇ ಬದಲಿಸಿ ಬಣ್ಣ ತಿನ್ನುವಂತೆ ಮಾಡಿದ್ದ ಒಬ್ಬ ಪಂಡಿತ. ಅವನು ಅವುಗಳನ್ನು ಅಂಟಿನಂಥ ಹಿಟ್ಟಿನಲ್ಲಿ ಕಲಸಿ ಅವಳಿಗೆ ಕೊಟ್ಟ. ಜೊತೆಗೆ ಒಂದು ಯಂತ್ರ. ಚಕ್ಕುಲಿ ಒತ್ತಿದಂತೆ ಅದು ಎಳೆಯ ಮೇಲೆ ಎಳೆ ಇಡುತ್ತಾ, ಅವಳು ಬರೆದುಕೊಟ್ಟ ಕಮಲವನ್ನು ಕಟ್ಟಿ ನಿಲ್ಲಿಸಿತು. ಜೀವ ಇರುವ ಕಮಲ! ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟಳು.

ಮರುದಿನ ಎತ್ತಿ ನೋಡಿದರೆ ದಳಗಳ ಅಂಚಿನಲ್ಲೆಲ್ಲ ನವಿರಾದ ಎಳೆಗಳು ಚಿಗುರಿದ್ದವು. ಕುಂಬಾರರ ಕೈ ಸುಮ್ಮನಿದ್ದೀತೇ? ಚಾಕುವಿನಿಂದ ಹೆರೆದು, ಒದ್ದೆ ಬಟ್ಟೆಯಿಂದ ನುಣುಪು ಮಾಡಿ ಮತ್ತೆ ಇಳಿಬಿಟ್ಟಳು. ದಿನಾ ಇದೇ. ಕಮಲ ಚೆನ್ನಾಗಿಯೇ ಇತ್ತು. ನೀರು ಕೆಂಪಾಗಿಯೇ ಇತ್ತು. ಬಣ್ಣ ತಿನ್ನುವ ಬಾಯಿ ಆ ಎಳೆಗಳಲ್ಲೇ ಇದೆಯೆಂದು, ಪಾಪ, ಅವಳಿಗೇನು ಗೊತ್ತು!

ಎಂಟನೆಯ ದಿನ ಮಗಳಿಗೆ ಎಚ್ಚರ ತಪ್ಪಿತು. ತಾಯಿ ಚಾಕುವನ್ನು ಬಾವಿಕಟ್ಟೆಯ ಮೇಲೆಯೇ ಬಿಟ್ಟು ಓಡಿದಳು. ತೊಟ್ಟು ತೊಟ್ಟು ಎಳನೀರು ಹಾಕುತ್ತಾ ಮಗಳ ಪಕ್ಕದಲ್ಲೇ ಆರು ದಿನ ಕೂತಳು. ಏಳನೆಯ ಬೆಳಿಗ್ಗೆ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಆ ವಿಷವನ್ನೇ ತರಬೇಕಲ್ಲ ಎಂದು ತಾಯಿ ಅಳುತ್ತಾ ಬಾವಿಗೆ ಬಂದಳು.

ಹಗ್ಗ ಎಳೆದಾಗ ಬಂದದ್ದು ಕಮಲವಲ್ಲ; ಶುಂಠಿಯ ಗೆಡ್ಡೆಯಂಥ ಸೊಟ್ಟ ಮುದ್ದೆ. “ಅಯ್ಯೋ, ಹಾಳಾಯಿತಲ್ಲ!” ಎಂದು ಚಾಕು ಎತ್ತಿಕೊಂಡವಳು ಹಾಗೇ ಬಗ್ಗಿ ನೋಡಿದಳು. ಬಾವಿಯೊಳಗೆ ಬಿಳಿ ಮೋಡಗಳು ತೇಲುತ್ತಿದ್ದವು. ಮುದ್ದೆಗೆ ಕೈಮುಗಿದು ಮೆಲ್ಲಗೆ ನೀರಿಗೆ ಬಿಟ್ಟಳು. ಮಗಳು ಆ ನೀರು ಕುಡಿದು ಬದುಕಿದಳು.

“ಆ ಚಾಕು ಏನಾಯಿತು, ಗುರುಗಳೇ?” ಎಂದ ಶಿಷ್ಯ.

“ನಿನ್ನ ಕೈಯಲ್ಲೇ ಇದೆಯಲ್ಲ, ಇಲ್ಲಿಟ್ಟು ಹೋಗಿ ನೀಲಾಂಬಿಕೆಯ ಹಾಡು ಕೇಳು” ಎಂದರು ಗುರುಗಳು.