ಬೆಳ್ಳಿಹುಳು ಓದಿದ ಬಿಸಿಲು

“ಬಂದೆಯಾ ಮತ್ತೆ? ಒಂದು ಪದ ನೆಟ್ಟಗೆ ಓದೋದಕ್ಕೂ ಬಿಡಲ್ವಲ್ಲ ನೀನು!” ಎಂದು ತಾಯಿ ಬೆಳ್ಳಿಹುಳು ತನ್ನ ಮರಿಯ ಮೇಲೆ ರೇಗಿದಳು. ದಪ್ಪನೆಯ ಹಳೇ ಇಂಗ್ಲಿಷ್ ನಿಘಂಟೇ ಅವರ ಮನೆ. ಉಳಿದ ಹುಳುಗಳು ಸಿಕ್ಕ ಹಾಳೆಯನ್ನು ಗಬಗಬ ಮುಕ್ಕುತ್ತಿದ್ದರೆ, ಈಕೆ ಮಾತ್ರ ಯಾರೂ ಬಳಸದ ಪದವೊಂದನ್ನು ಹುಡುಕಿ, ಅರ್ಥ ಓದಿ, ಕಣ್ಣು ಮುಚ್ಚಿ ಸವಿದ ಮೇಲೇ ಬಾಯಿ ಹಾಕುತ್ತಿದ್ದಳು.

“ಅಮ್ಮಾ, ಮನೆಯವರು ಪುಸ್ತಕಗಳನ್ನೆಲ್ಲ ತಾರಸಿಗೆ ತಂದು, ಒಂದೊಂದನ್ನೇ ಬಿಡಿಸಿ ಒಣಗೋಕೆ ಹಾಕ್ತಿದ್ದಾರೆ. ನಮ್ಮವರೆಲ್ಲ ಓಡಿಹೋದರು, ಬಾ!”

“ಹೋಗಲಿ ಬಿಡು, ಹೊಟ್ಟೆಬಾಕರು. ಇಲ್ಲಿ ಕೇಳು, ‘ಅಪ್ರಿಸಿಟಿ’. ಹಾಗಂದರೆ ಚಳಿಗಾಲದ ಬಿಸಿಲು ಮೈಗೆ ಕೊಡುವ ಹಿತವಾದ ಬಿಸುಪು. ಅದಕ್ಕೂ ಒಂದು ಹೆಸರಿಟ್ಟಿದ್ದಾರಲ್ಲ ಪುಣ್ಯಾತ್ಮರು!”

ಅವಳಿಗೆ ತೇಲಿದಂತಾಯಿತು. ಕತ್ತಲಲ್ಲೇ ಹುಟ್ಟಿ ಬೆಳೆದವಳ ಬೆನ್ನ ಮೇಲೆ ಯಾರೋ ಬೆಚ್ಚನೆಯ ಅಂಗೈ ಇಟ್ಟ ಹಾಗೆ, ಸುತ್ತಲಿನ ಹಾಳೆಗಳೆಲ್ಲ ಕರಗಿ ಹೊಂಬಣ್ಣದ ಬಯಲಾದ ಹಾಗೆ. ಮರಿ ಅವಳ ಮೀಸೆ ಹಿಡಿದು ಜಗ್ಗುತ್ತಲೇ ಇತ್ತು.

“ತಡಿಯೇ, ಇನ್ನೊಂದು ಸಲ ಓದ್ತೀನಿ.”

ಅಷ್ಟರಲ್ಲಿ ಹಾಳೆ ತೆರೆದುಕೊಂಡಿತು. ಮಾಗಿಯ ಎಳೆಬಿಸಿಲು ನೇರವಾಗಿ ಅವಳ ಮೈಮೇಲೆ ಬಿತ್ತು. ಅವಳು ಕಿಟಾರನೆ ಕಿರುಚಿ, ಮರಿಯನ್ನೂ ಎಳೆದುಕೊಂಡು, ಗೋಡೆಯ ಬಿರುಕಿನ ಕತ್ತಲಿಗೆ ನುಗ್ಗಿದಳು.

ಏದುಸಿರು ನಿಂತ ಮೇಲೆ ಮರಿ ಮೆಲ್ಲಗೆ ಕೇಳಿತು.

“ಅಮ್ಮಾ, ನೀನು ಅಷ್ಟು ಆಸೆಪಟ್ಟು ಓದಿದ ಬಿಸಿಲು ಅದೇ ಅಲ್ವಾ? ಮತ್ತೆ ಯಾಕೆ ಓಡಿಬಂದೆ?”