ಒಂದು ಬಿಂದಿಗೆ ಹೊಳೆನೀರು

ಹೊಳೆಯ ದಂಡೆಯಲ್ಲಿ ವಿಮಾನ ಹಾರಿಸೋದನ್ನು ಕಲಿಸುವ ಗುರುಗಳೊಬ್ಬರಿದ್ದರು. ಕೊಟ್ರಯ್ಯ ಅಂತ ಹೆಸರು. ಒಂದು ಬಯಲು, ಎರಡು ಹಳೇ ವಿಮಾನ, ಒಂದು ರೇಡಿಯೋ. ಅದೇ ಅವರ ಆಶ್ರಮ ಅನ್ನಿ.

ಅಲ್ಲೊಂದು ಪದ್ಧತಿ ಇತ್ತು. ಶಿಷ್ಯರು ಮೊದಲ ಸಲ ಒಬ್ಬರೇ ದೂರ ಹಾರಿ ವಾಪಸು ಬಂದಾಗ ಗುರುಗಳು ಒಂದು ಬಿಂದಿಗೆ ಹೊಳೆನೀರು ತಂದು ತಲೆಯ ಮೇಲೆ ಸುರಿಯಬೇಕು. ಅಲ್ಲಿಗೆ ಪೈಲಟ್ ಆದ ಹಾಗೆ.

ಕಸ್ತೂರಿ ಅನ್ನೋ ಹುಡುಗಿ ಆ ನೀರಿಗಾಗಿ ಎರಡು ವರ್ಷ ಕಾದಿದ್ದಳು. ನೆತ್ತಿ ತಣ್ಣಗಾದ ಹಾಗೆ ಕನಸು ಬೀಳುತ್ತಿತ್ತಂತೆ ಅವಳಿಗೆ.

ಅವಳ ದಿನ ಬಂತು. ಹೋಗಿ ತಿರುಗಿ ಬರುವಾಗ ಹದ್ದೊಂದು ಎಡ ರೆಕ್ಕೆಗೆ ಬಡಿಯಿತು. ವಿಮಾನ ಜ್ವರ ಬಂದವರ ಹಾಗೆ ನಡುಗಿತು.

ಕೆಳಗೇ ಸಕ್ಕರೆ ಕಾರ್ಖಾನೆಯ ಸಣ್ಣ ರನ್‌ವೇ ಇತ್ತು. ಅವಳು ಅಲ್ಲಿ ಇಳಿಯಲಿಲ್ಲ. ರೇಡಿಯೋದಲ್ಲಿ ಒಂದು ಮಾತೂ ಆಡಲಿಲ್ಲ. ನಡುಗುವ ವಿಮಾನವನ್ನು ಹೊಳೆಯ ದಂಡೆಗೇ ತಂದು ಇಳಿಸಿದಳು.

ಗುರುಗಳು ಬಿಂದಿಗೆ ಹಿಡಿದು ನಿಂತಿದ್ದರು. ಓಡಿ ಬಂದು ತಲೆ ಬಗ್ಗಿಸಿದಳು.

ಗುರುಗಳು ರೆಕ್ಕೆಯ ಕಡೆ ನೋಡಿದರು. ತಗ್ಗು ಬಿದ್ದಲ್ಲಿ ಬೆರಳಾಡಿಸಿ, ಅಂಟಿದ್ದ ಗರಿ ತೆಗೆದರು. ಅಂಚಿನ ಕೀಲನ್ನು ಮುಟ್ಟಿದರೆ, ಅದು ಕಳಚಿ ಕೈಗೇ ಬಂತು.

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ ಗುರುಗಳೇ. ಹೇಳಿದ್ರೆ ಕಾರ್ಖಾನೆ ಹತ್ರಾನೇ ಇಳಿ ಅಂತಿದ್ರಿ."

"ಇಳಿದಿದ್ರೆ ಏನಾಗ್ತಿತ್ತು?"

"ನೀರು ಇಲ್ಲಿತ್ತಲ್ಲ."

ಗುರುಗಳು ಬಿಂದಿಗೆ ಎತ್ತಿಕೊಂಡು ಹೋಗಿ ನೀರನ್ನು ಹೊಳೆಗೇ ಚೆಲ್ಲಿ ಬಂದರು.

ಅವತ್ತಿನಿಂದ ಕಸ್ತೂರಿಗೆ ಹಾರಾಟ ಇಲ್ಲ. ರೇಡಿಯೋ ಮುಂದೆ ಕೂತು ಬೇರೆಯವರ ದನಿ ಕೇಳೋದಷ್ಟೇ ಕೆಲಸ. ಮೇಲೆ ವಿಮಾನದ ಸದ್ದಾದರೆ ಸಾಕು, ಎದ್ದು ಹೊರಗೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದಳು.

ಒಂದು ಸಂಜೆ ಕೇಳಿದಳು. "ಎಲ್ಲಾ ಇಳಿದಾಯ್ತಲ್ಲ ಗುರುಗಳೇ, ರೇಡಿಯೋ ಆಫ್ ಮಾಡ್ಲಾ?"

"ಹಾಲೇಶ ಬಂದಿಲ್ಲ."

"ಹಾಲೇಶ ಯಾರು?"

"ನಿನಗಿಂತ ಮುಂಚೆ ಕಲಿತವನು. ಅವನಿಗೂ ನೀರು ತುಂಬಿ ಇಟ್ಟಿದ್ದೆ. ಮೇಲೆ ಏನೋ ಮುರಿದಿತ್ತು, ಬಾಯಿ ಬಿಟ್ಟು ಹೇಳಲಿಲ್ಲ. ಇಲ್ಲಿಗೇ ಬರ್ತಾ ಇದ್ದ."

"ಯಾವತ್ತು?"

"ಹದಿನೆಂಟು ವರ್ಷ ಆಯ್ತು."

ಗುರುಗಳು ಆ ಬಯಲು ಬಿಟ್ಟು ಕದಲುವವರಲ್ಲ, ಅಕ್ಕನ ಮಗಳ ಮದುವೆಗೂ ಹೋದವರಲ್ಲ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಯಾಕೆ ಅಂತ ಕಸ್ತೂರಿಗೆ ಈಗ ತಿಳಿಯಿತು. ಆದರೂ ಒಳಗಿನ ಸಂಕಟ ಸುಮ್ಮನಿರಬೇಕಲ್ಲ.

"ನಾನು ಅವತ್ತು ಕಾರ್ಖಾನೆ ಹತ್ರ ಇಳಿದು ಕರೆದಿದ್ರೂ ನೀವು ಬರ್ತಿರಲಿಲ್ಲ ಬಿಡಿ," ಅಂದುಬಿಟ್ಟಳು. "ಈ ದಂಡೆ ಬಿಟ್ಟವರೇ ಅಲ್ಲ ನೀವು."

ಗುರುಗಳು ರೇಡಿಯೋದ ದನಿ ಇನ್ನಷ್ಟು ಜೋರು ಮಾಡಿದರು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಕೈಗೆ ವಿಮಾನದ ಕೀಲಿಕೈ ಕೊಟ್ಟರು. "ಹೋಗಿ ಬಾ" ಅಂದರು. ಬಿಂದಿಗೆ ತೊಳೆದು ಹೊಳೆಗೆ ಇಳಿದರು.

ಕಸ್ತೂರಿ ಹೋದಳು, ಮುಟ್ಟಬೇಕಾದ ಊರು ಮುಟ್ಟಿದಳು, ತಿರುಗಿದಳು. ದೂರದಲ್ಲಿ ಹೊಳೆ ಬೆಳ್ಳಿ ಎಳೆಯ ಹಾಗೆ ಕಂಡಿತು. ಅಷ್ಟರಲ್ಲಿ ಎಂಜಿನ್ನಿನ ಮುಚ್ಚಳ ಕಿತ್ತು ಬಂದು ಎದುರಿನ ಗಾಜಿಗೆ ಅಪ್ಪಳಿಸಿತು. ಗಾಜು ಪೂರ್ತಿ ಬಿರುಕು.

ಕೆಳಗೆ ಅದೇ ಕಾರ್ಖಾನೆ. ಮುಂದೆ ಅದೇ ಹೊಳೆ. ಇನ್ನು ಹತ್ತು ನಿಮಿಷದ ದಾರಿ, ಅಷ್ಟೇ.

ನೆತ್ತಿ ನೀರಿಗಾಗಿ ಹಾತೊರೆಯಿತು. ಕೈ ರೇಡಿಯೋದ ಗುಂಡಿ ಒತ್ತಿತು.

"ಮೇಡೇ, ಮೇಡೇ, ಮೇಡೇ." ಪ್ರಾಣಕ್ಕೆ ಅಪಾಯ ಬಂದಾಗ ಮೂರು ಸಲ ಕೂಗುವ ಮಾತು ಅದು. "ಗಾಜು ಒಡೆದಿದೆ, ಎದುರಿಗೆ ಸರಿಯಾಗಿ ಕಾಣ್ತಿಲ್ಲ. ಕಾರ್ಖಾನೆ ರನ್‌ವೇಲಿ ಇಳೀತಾ ಇದ್ದೀನಿ."

ಗುಂಡಿ ಬಿಡದೆ ಮತ್ತೆ ಅಂದಳು, "ಗುರುಗಳೇ, ಪಕ್ಕದ ಕಿಟಕೀಲಿ ನಮ್ಮ ಹೊಳೆ ಕಾಣ್ತಾ ಇದೆ."

ರೇಡಿಯೋ ಗರಗರ ಅಂತು. ಆಮೇಲೆ ಗುರುಗಳ ದನಿ ಬಂತು.

"ಕೇಳಿಸ್ತು ಮಗಳೇ. ಅಲ್ಲೇ ಇಳಿ. ಬಿಂದಿಗೆ ತಗೊಂಡು ನಾನೇ ಬರ್ತೀನಿ."